ಕೂಗಿದ್ದು ಕೇಳಿಸಿತಾ? ಓಗೊಡುವ ಪೇಜರ್‌ನ ಕಥೆ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು, ಚಾರ್ಮಾಡಿ ಘಾಟಿ ಕಡೆಯ ಊರು. ಏಳೆಂಟು ತೋಟದವರು ಸೇರಿ 32 ಜನರ ತಂಡ ಮಾಡಿಕೊಂಡಿದ್ದೇವೆ. ಆನೆ ಬಂದರೆ, ಗುಡ್ಡ ಕುಸಿದರೆ, ಯಾರಿಗಾದರೂ ರಾತ್ರಿ ಹುಷಾರು ತಪ್ಪಿದರೆ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತರೆ ಎಲ್ಲವೂ ಬಂದ್. ಮೆಸೇಜ್ ಮುಟ್ಟಿತೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ. ಮುಟ್ಟಿದ್ದಕ್ಕೆ ತಾನೇ ಉತ್ತರ ಕಳಿಸುವ ಎರಡು ದಾರಿಯ ಪೇಜರ್ ಇದೆ ಎಂದು ಕೇಳಿದ್ದೇನೆ. ಅದು ಹೇಗೆ ಕೆಲಸ ಮಾಡುತ್ತದೆ? ನಮಗೆ ಸಿಗುತ್ತದೆಯೇ? ಪೇಜರ್ ಅಂದ ಕೂಡಲೇ ಮನೆಯಲ್ಲಿ ಲೆಬನಾನ್ ಸ್ಫೋಟದ ಮಾತು ತೆಗೆಯುತ್ತಾರೆ, ಅದಕ್ಕೂ ಒಂದು ಮಾತು ಹೇಳಿ.

ಉತ್ತರ: ಮೊದಲು ಲೆಬನಾನ್ ವಿಷಯ ಮುಗಿಸಿಬಿಡೋಣ. 2024ರ ಸೆಪ್ಟೆಂಬರ್ 17ರಂದು ಅಲ್ಲಿ ಸಿಡಿದ ಪೇಜರ್‌ಗಳ ಒಳಗೆ ಮೊದಲೇ ಸ್ಫೋಟಕ ಅಡಗಿಸಿ ಇಟ್ಟಿದ್ದರು. ರೇಡಿಯೋ ಸಂದೇಶದಿಂದ ಮಾಮೂಲಿ ಬ್ಯಾಟರಿ ಬಾಂಬ್ ಆಗುವುದಿಲ್ಲ. ಮನೆಯವರಿಗೆ ಇಷ್ಟು ಹೇಳಿದರೆ ಸಾಕು.

ಈಗ ನಿಮ್ಮ ನಿಜವಾದ ಪ್ರಶ್ನೆ. 'ಮುಟ್ಟಿತೋ ಇಲ್ಲವೋ' ಅಂದಿರಲ್ಲ, ಆ ಮಾತು ನನ್ನನ್ನು 1990ರ ದಶಕಕ್ಕೆ ಕರೆದುಕೊಂಡು ಹೋಯಿತು. ಆಗ ನಾನು ಬೆಂಗಳೂರಿನ ಒಂದು ಪೇಜಿಂಗ್ ಕಂಪನಿಯಲ್ಲಿ ಟ್ರಾನ್ಸ್‌ಮಿಟರ್ ನೋಡಿಕೊಳ್ಳುತ್ತಿದ್ದೆ. ನಮ್ಮ ದೇಶದಲ್ಲಿ ಪೇಜರ್ ಸೇವೆ ಶುರುವಾಗಿದ್ದು 1995ರಲ್ಲಿ. ಮೊಬೈಲ್ ಬಂದದ್ದೂ ಅದೇ ವರ್ಷ, ಆದರೆ ಅದರ ಬಿಲ್ ಕಟ್ಟುವ ತಾಕತ್ತು ಎಲ್ಲರಿಗೂ ಇರಲಿಲ್ಲ. ಹಾಗಾಗಿ ಡಾಕ್ಟರು, ಸೇಲ್ಸ್ ಹುಡುಗರು, ಗುತ್ತಿಗೆದಾರರು ಎಲ್ಲರ ಸೊಂಟದಲ್ಲೂ ಪೇಜರ್. ನೀವು ನಮ್ಮ ಆಪರೇಟರ್‌ಗೆ ಫೋನ್ ಮಾಡಿ ಸಂದೇಶ ಹೇಳಬೇಕು, ಅವರು ಟೈಪ್ ಮಾಡುತ್ತಾರೆ, ಅದು ಗಾಳಿಯಲ್ಲಿ ಹೋಗುತ್ತದೆ.

ಒಂದು ರಾತ್ರಿ ಒಂದು ನರ್ಸಿಂಗ್ ಹೋಂನಿಂದ ಫೋನ್ ಬಂತು. ಅರಿವಳಿಕೆ ಕೊಡುವ ಡಾಕ್ಟರು ತುರ್ತಾಗಿ ಬೇಕು. ಹುಡುಗಿ ಟೈಪ್ ಮಾಡಿದಳು, ಪರದೆಯ ಮೇಲೆ 'ಸೆಂಟ್' ಅಂತ ಬಂತು. ಹತ್ತು ನಿಮಿಷಕ್ಕೆ ಮತ್ತೆ ಫೋನ್, ಮತ್ತೆ 'ಸೆಂಟ್'. ಮೂರನೇ ಸಲ ನಾನೇ ಫೋನ್ ತೆಗೆದುಕೊಂಡೆ. "ಹೋಗಿದೆ ಸಾರ್" ಅಂದೆ. ಆ ಕಡೆಯವರು ಕೇಳಿದರು: "ಹೋಗಿದೆ ಅಂತೀರಲ್ಲ, ಮುಟ್ಟಿದೆಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೇರೆ ಡಾಕ್ಟರನ್ನು ಕರೆಸಿಕೊಂಡರು, ಪುಣ್ಯ. ಆಮೇಲೆ ತಿಳಿದದ್ದು, ನಮ್ಮ ಡಾಕ್ಟರು ಮದುವೆ ಛತ್ರದ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಮೇಲೆ ಬಂದು ಎಲೆಅಡಿಕೆ ಹಾಕಿಕೊಂಡು ನಿಂತಾಗಲೂ ಪೇಜರ್ ಸುಮ್ಮನೇ ಇತ್ತು. ಒಂದು ದಾರಿಯ ಪೇಜರ್‌ನಲ್ಲಿ ತಪ್ಪಿದ ಸಂದೇಶ ತಪ್ಪಿದ್ದೇ. ಅದು ಎಲ್ಲೂ ಕಾಯುತ್ತಾ ಕೂರುವುದಿಲ್ಲ.

ನಮ್ಮ ಹಳೆಯ ಕಾಗದಗಳಲ್ಲಿ ಕೊನೆಗೆ 'ಈ ಕಾಗದ ಮುಟ್ಟಿದ ಕೂಡಲೇ ಉತ್ತರ ಬರೆಯುವುದು' ಅಂತ ಇರುತ್ತಿತ್ತಲ್ಲ, ಎರಡು ದಾರಿಯ ಪೇಜರ್ ಮಾಡುವುದು ಅದನ್ನೇ. ಮಲೆನಾಡಿನವರಿಗೆ ಇನ್ನೂ ಹತ್ತಿರದ ಮಾತು ಬೇಕಾದರೆ, ಈ ಗುಡ್ಡದಿಂದ ಕೂಗಿದರೆ ಆ ಗುಡ್ಡದವರು ಓಗೊಡುವುದು. ಕೂಗುವುದು ಸುಲಭ. ಓಗೊಡುವುದರಲ್ಲಿದೆ ಕಷ್ಟ, ಖರ್ಚು ಎರಡೂ.

ಯಾಕೆ ಅಂತ ಹೇಳುತ್ತೇನೆ. ಪೇಜಿಂಗ್ ಟವರ್ ನೂರಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 250 ವ್ಯಾಟ್ ಅಂದುಕೊಳ್ಳಿ. ಎತ್ತರದ ಜಾಗ, ಒಳ್ಳೆ ಆಂಟೆನಾ. ಸೊಂಟದ ಮೇಲಿನ ಪೇಜರ್ ತಿರುಗಿ ಕೂಗಬೇಕಾದರೆ ಅದರ ಹತ್ತಿರ ಇರುವುದು ಸುಮಾರು 1 ವ್ಯಾಟ್, ಬೆರಳುದ್ದದ ಆಂಟೆನಾ, ಪಕ್ಕದಲ್ಲಿ ಸಿಗ್ನಲ್ ಹೀರುವ ನಮ್ಮ ಹೊಟ್ಟೆ. ನೆಲದ ಮೇಲೆ, ಮನೆ ಮರಗಳ ನಡುವೆ, ದೂರ ಎರಡರಷ್ಟಾದರೆ ಸಿಗ್ನಲ್ ಹೆಚ್ಚುಕಮ್ಮಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಲೆಕ್ಕ ಹಿಡಿದರೆ, ಟವರ್‌ನ ಕೂಗು 20 ಕಿಲೋಮೀಟರ್ ಹೋದಲ್ಲಿ ಪೇಜರ್‌ನ ಓಗೊಡುವಿಕೆ 5 ಕಿಲೋಮೀಟರ್‌ಗೆ ಸುಸ್ತಾಗುತ್ತದೆ. ದೂರ ಕಾಲುಭಾಗ, ಹರವು ಹದಿನಾರರಲ್ಲಿ ಒಂದು ಭಾಗ. ಹಾಗಾಗಿ ಇಂಥ ಜಾಲದಲ್ಲಿ ಕೂಗುವ ಟವರ್ ಕಡಿಮೆ, ಕೇಳಿಸಿಕೊಳ್ಳುವ ರಿಸೀವರ್ ಜಾಸ್ತಿ. ಒಂದು ಟ್ರಾನ್ಸ್‌ಮಿಟರ್ ಸುತ್ತ ಹಲವು ಕಿವಿಗಳನ್ನು ನೆಡಬೇಕಾಗುತ್ತದೆ. ಇನ್ನೊಂದು ಉಪಾಯ, ಉತ್ತರವನ್ನು ನಿಧಾನವಾಗಿ ಕಳಿಸುವುದು. ದೂರದವರಿಗೆ ನಾವು ಎಳೆದು ಎಳೆದು "ಓ...ಓ..." ಅನ್ನುವುದಿಲ್ವಾ, ಹಾಗೆ. ಹತ್ತು ಪಟ್ಟು ನಿಧಾನ ಮಾಡಿದರೆ ಹತ್ತು ಪಟ್ಟು ಕ್ಷೀಣವಾದ ಸಿಗ್ನಲ್ಲೂ ಕೇಳಿಸುತ್ತದೆ.

ದೊಡ್ಡ ಮಟ್ಟದಲ್ಲಿ ಇದನ್ನು ಮಾಡಿ ತೋರಿಸಿದ್ದು ಅಮೆರಿಕದಲ್ಲಿ. ಒಂದು ದಾರಿಯ ಪೇಜರ್‌ಗೆ ಮೊದಲು ಪಾಕ್ಸ್ಯಾಗ್ ಎಂಬ ಬ್ರಿಟಿಷ್ ಪದ್ಧತಿ ಇತ್ತು. ವೇಗ ಸೆಕೆಂಡಿಗೆ 512 ಬಿಟ್, ಆಮೇಲೆ 1200, 2400. 1993ರಲ್ಲಿ ಮೊಟೊರೊಲಾ ಕಂಪನಿ ಫ್ಲೆಕ್ಸ್ ತಂದಿತು. ಬೀದಿಯಲ್ಲಿ ಕಟ್ಟುವ ಫ್ಲೆಕ್ಸ್ ಅಲ್ಲ ಮತ್ತೆ! ಅದರ ವೇಗ 6400 ಬಿಟ್‌ವರೆಗೆ. ಅದಕ್ಕೆ ತಿರುಗುದಾರಿ ಸೇರಿಸಿದ್ದು ರೀಫ್ಲೆಕ್ಸ್. 1995ರಲ್ಲಿ ಸ್ಕೈಟೆಲ್ ಕಂಪನಿ ಇದರ ಮೇಲೆ ಎರಡು ದಾರಿಯ ಸೇವೆ ಶುರು ಮಾಡಿತು. ಕೈಗೆ ಕೊಟ್ಟದ್ದು ಮೊಟೊರೊಲಾದ ಟ್ಯಾಂಗೊ ಪೇಜರ್. ಟವರ್‌ನಿಂದ ಹೊರಡುವ ಕೂಗಿಗೆ 930 ಮತ್ತು 940 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್‌ಗಳು, ತಿರುಗಿ ಬರುವ ಉತ್ತರಕ್ಕೆ 901 ಮೆಗಾಹರ್ಟ್ಸ್ ಆಸುಪಾಸು.

ಫ್ಲೆಕ್ಸ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ಅದರ ನಿದ್ದೆ. ಕಾಲವನ್ನು 4 ನಿಮಿಷದ ಸುತ್ತುಗಳಾಗಿ ಕತ್ತರಿಸುತ್ತಾರೆ. ಒಂದು ಸುತ್ತಿನಲ್ಲಿ 128 ಫ್ರೇಮ್, ಒಂದೊಂದೂ 1.875 ಸೆಕೆಂಡ್. ನಿಮ್ಮ ಪೇಜರ್‌ಗೆ ಇಂಥ ಫ್ರೇಮ್ ಅಂತ ಗೊತ್ತಿರುತ್ತದೆ. ಅಷ್ಟು ಹೊತ್ತು ಮಾತ್ರ ಎದ್ದು 'ನನಗೇನಾದರೂ ಇದೆಯಾ' ಅಂತ ನೋಡಿ ಮತ್ತೆ ಮಲಗುತ್ತದೆ. ಒಂದು ಸಣ್ಣ ಪೆನ್ಸಿಲ್ ಸೆಲ್ ವಾರಗಟ್ಟಲೆ, ತಿಂಗಳುಗಟ್ಟಲೆ ಬರುತ್ತಿದ್ದದ್ದು ಹೀಗೆ. ಇದಕ್ಕೆ ಕೊಡುವ ಬೆಲೆ ಸ್ವಲ್ಪ ತಡ. ನಿಮ್ಮ ಸರದಿ ಬರುವವರೆಗೆ ಸಂದೇಶ ಕಾಯಬೇಕು.

ಟವರ್‌ಗಳ ಮಟ್ಟಿಗೆ ಇನ್ನೊಂದು ತಲೆನೋವು ಇದೆ. ಒಂದೇ ಸಂದೇಶವನ್ನು ಹಲವು ಟವರ್‌ಗಳು ಒಂದೇ ಚಾನೆಲ್‌ನಲ್ಲಿ ಒಟ್ಟಿಗೆ ಕೂಗುತ್ತವೆ. ಎರಡು ಟವರ್ ನಡುವೆ ನಿಂತ ಪೇಜರ್‌ಗೆ ಎರಡೂ ಕೇಳಿಸುತ್ತದೆ. ಒಂದು ಕೊಂಚ ತಡವಾದರೂ ಭಜನೆಯಲ್ಲಿ ತಾಳ ತಪ್ಪಿದ ಹಾಗೆ ಗೊಂದಲ. 6400 ವೇಗದಲ್ಲಿ ಒಂದೊಂದು ಸಂಕೇತ ಇರುವುದು ಸುಮಾರು 312 ಮೈಕ್ರೊಸೆಕೆಂಡ್, ಅದರ ಕಾಲುಭಾಗ ಏರುಪೇರಾದರೂ ಅಕ್ಷರ ಕೆಡಲು ಶುರುವಾಗುತ್ತದೆ. ಅದಕ್ಕೇ ಎಲ್ಲ ಟವರ್‌ಗಳ ಗಡಿಯಾರವನ್ನೂ ಜಿಪಿಎಸ್ ಉಪಗ್ರಹದಿಂದ ಸರಿಹೊಂದಿಸುತ್ತಾರೆ.

ಪೇಜರ್ ಓಗೊಡಲು ಕಲಿತ ಮೇಲೆ ಈ ಎಲ್ಲ ಟವರ್ ಒಟ್ಟಿಗೆ ಕೂಗುವ ದುಂದುವೆಚ್ಚವೂ ತಪ್ಪಿತು. ಪೇಜರ್ ಆನ್ ಆದಾಗ, ಒಂದು ವಲಯದಿಂದ ಇನ್ನೊಂದಕ್ಕೆ ಹೋದಾಗ, 'ನಾನು ಇಲ್ಲಿದ್ದೇನೆ' ಅಂತ ತಾನೇ ಹೇಳುತ್ತದೆ. ಆಮೇಲೆ ಸಂದೇಶವನ್ನು ಆ ವಲಯದ ಟವರ್ ಮಾತ್ರ ಕೂಗಿದರೆ ಸಾಕು. ಅದೇ ಚಾನೆಲ್ ಬೇರೆ ಊರಲ್ಲಿ ಬೇರೆಯವರಿಗೆ ದುಡಿಯುತ್ತಿರುತ್ತದೆ. ಪೇಜರ್ ಓಗೊಡಲಿಲ್ಲವಾ? ಜಾಲ ಮತ್ತೆ ಕೂಗುತ್ತದೆ. ಆಗಲೂ ಇಲ್ಲವಾ? ಸಂದೇಶವನ್ನು ಎತ್ತಿಟ್ಟುಕೊಳ್ಳುತ್ತದೆ. ಛತ್ರದ ಡಾಕ್ಟರು ನೆಲಮಾಳಿಗೆಯಿಂದ ಮೇಲೆ ಬಂದ ಕೂಡಲೇ ಪೇಜರ್ ಮತ್ತೆ 'ಇಲ್ಲಿದ್ದೇನೆ' ಅನ್ನುತ್ತದೆ, ಎತ್ತಿಟ್ಟ ಸಂದೇಶ ಇಳಿಯುತ್ತದೆ. ಆ ರಾತ್ರಿ ನಮ್ಮ ಹತ್ತಿರ ಇಲ್ಲದಿದ್ದದ್ದು ಇದೇ.

ಈಗ ನಿಮ್ಮ ತಂಡಕ್ಕೆ ತೀರಾ ಬೇಕಾದ ವಿಷಯ. 'ಮುಟ್ಟಿತು' ಅನ್ನುವುದು ಒಂದೇ ಮಾತಲ್ಲ. ವಾಟ್ಸಾಪ್ ನೋಡಿ. ಒಂದು ಟಿಕ್ ಅಂದರೆ ಕಂಪನಿಯ ಸರ್ವರ್‌ಗೆ ಹೋಯಿತು. ಎರಡು ಟಿಕ್ ಅಂದರೆ ಅವರ ಫೋನಿಗೆ ಹೋಯಿತು. ನೀಲಿ ಆದರೆ ತೆರೆದು ನೋಡಿದರು. ಆದರೂ ನಿಮಗೆ ಬೇಕಾದದ್ದು ಇದ್ಯಾವುದೂ ಅಲ್ಲ. 'ಹೊರಟೆ' ಅನ್ನುವ ಮಾತು ಬೇಕು. ಎರಡು ದಾರಿಯ ಪೇಜಿಂಗ್‌ನಲ್ಲೂ ಹೀಗೇ. ಯಂತ್ರ ತಾನೇ 'ಮುಟ್ಟಿತು' ಅಂತ ಕೊಡುವ ಒಪ್ಪಿಗೆ ಬೇರೆ. ಸಂದೇಶದ ಜೊತೆ ತಪ್ಪು ಹಿಡಿಯುವ ಲೆಕ್ಕದ ಬಿಟ್‌ಗಳು ಇರುತ್ತವೆ, ಲೆಕ್ಕ ಸರಿಬಂದರೆ ಪೇಜರ್ ತಾನೇ ಉತ್ತರಿಸುತ್ತದೆ. ಅದು ಯಜಮಾನರ ಸೊಂಟದಲ್ಲಿದೆಯೋ, ಒಲೆ ಮೇಲಿನ ಗೂಡಿನಲ್ಲಿದೆಯೋ ಅದಕ್ಕೇನು ಗೊತ್ತು? ಮನುಷ್ಯ ಗುಂಡಿ ಒತ್ತಿ ಓದಿದ್ದು ಬೇರೆ. ಆಮೇಲೆ ಉತ್ತರ ಆರಿಸಿದ್ದು ಬೇರೆ. ರೀಫ್ಲೆಕ್ಸ್‌ನಲ್ಲಿ ಸಂದೇಶದ ಜೊತೆಗೇ ನಾಲ್ಕಾರು ಸಿದ್ಧ ಉತ್ತರ ಕಳಿಸಬಹುದಿತ್ತು. ಓದಿದವರು ಒಂದನ್ನು ಆರಿಸಿ ಒತ್ತಿದರೆ ಆಯಿತು. ನಿಮಗೂ ಮೂರು ಸಾಕು: 'ಬರ್ತೀನಿ', 'ಆಗಲ್ಲ', 'ಅರ್ಧ ಗಂಟೆ ಬೇಕು'. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಕಂಬಳಿಕೊಪ್ಪೆ ಹಾಕಿಕೊಂಡು ನಿಂತವರು ಟೈಪ್ ಮಾಡುತ್ತಾ ಕೂರುವುದಿಲ್ಲ.

ಹಾಸನದಲ್ಲಿ ಸಾಲಗಾಮೆ ರಸ್ತೆಯಲ್ಲಿ ಓಡಾಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಗೆ ಅಲ್ಲಿಂದ ಆದೇಶ ಹೋಗುತ್ತದೆ. ಕಳಿಸಿ ಕೈ ತೊಳೆದುಕೊಳ್ಳುವುದಿಲ್ಲ. ಆದೇಶ ಸರಿಯಾಗಿ ಹೋಯಿತಾ, ಅದರಂತೆ ನಡೆಯಿತಾ ಅಂತ ಉಪಗ್ರಹ ತಿರುಗಿ ಕಳಿಸುವ ಮಾಹಿತಿಯಲ್ಲಿ ನೋಡಿಕೊಳ್ಳುತ್ತಾರೆ. ಹೋಗಿ ಬರಲು ಕಾಲು ಸೆಕೆಂಡಿನಷ್ಟು ಸಮಯ. ಅಷ್ಟು ದೂರದ್ದೇ ಓಗೊಡುತ್ತದೆ, ಕೊಟ್ಟಿಗೆಹಾರದಿಂದ ಬಣಕಲ್‌ಗೆ ಮುಟ್ಟಿತೋ ಇಲ್ಲವೋ ಅಂತ ನಾವು ತಲೆ ಕೆರೆದುಕೊಳ್ಳುತ್ತೇವೆ!

ಒಂದು ತೊಡಕು ಇದೆ, ಸುಮಾರು ಜನ ಮರೆಯುತ್ತಾರೆ. ಒಪ್ಪಿಗೆಯೂ ದಾರಿಯಲ್ಲಿ ಕಳೆದುಹೋಗಬಹುದು. ಸಂದೇಶ ಮುಟ್ಟಿದೆ, ಪೇಜರ್ 'ಮುಟ್ಟಿತು' ಅಂದಿದೆ, ಅದು ನಿಮಗೆ ಬರಲಿಲ್ಲ. ನೀವು ಮತ್ತೆ ಕಳಿಸುತ್ತೀರಿ. ಪೇಜರ್ ಅದನ್ನು ಹೊಸ ಸಂದೇಶ ಅಂದುಕೊಂಡರೆ? 'ಆನೆ ಕೆರೆ ಹತ್ತಿರ ಇದೆ' ಅಂತ ಮೂರು ಸಲ ಬಡಿದುಕೊಂಡರೆ ಮೂರು ಆನೆ ಅಂದುಕೊಳ್ಳುವವರೂ ಇದ್ದಾರೆ. ಅದಕ್ಕೇ ಪ್ರತಿ ಸಂದೇಶಕ್ಕೂ ಒಂದು ನಂಬರ್ ಬೇಕು. ಅದೇ ನಂಬರ್ ಮತ್ತೆ ಬಂದರೆ ಸದ್ದು ಮಾಡದೆ ಒಪ್ಪಿಗೆಯನ್ನಷ್ಟೇ ಮತ್ತೆ ಕಳಿಸಬೇಕು. ಇನ್ನು, ನನ್ನ 'ಮುಟ್ಟಿತು' ಅವರಿಗೆ ಮುಟ್ಟಿತಾ ಅಂತ ಕೇಳುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಒಂದು ಕಡೆ ನಿಲ್ಲಿಸಿ ಗಡಿಯಾರ ನೋಡಬೇಕು: ಇಷ್ಟು ನಿಮಿಷದಲ್ಲಿ ಉತ್ತರ ಬರದಿದ್ದರೆ ಮುಂದಿನವರಿಗೆ. ಈ ನಿಯಮ ಇಲ್ಲದ ಜಾಲಕ್ಕೆ ಎಷ್ಟು ದುಡ್ಡು ಸುರಿದರೂ ದಂಡ. ನನ್ನ ಲೆಕ್ಕದಲ್ಲಿ ಒಪ್ಪಿಗೆ ಬಂದದ್ದಕ್ಕಿಂತ ಬಾರದಿದ್ದದ್ದೇ ದೊಡ್ಡ ಸುದ್ದಿ. ಮೂರು ನಿಮಿಷಕ್ಕೆ ಓಗೊಡದವರು ಯಾರು ಅಂತ ಗೊತ್ತಾದರೆ ತಾನೇ ಪಕ್ಕದ ತೋಟದ ರೈಟರನ್ನು ಎಬ್ಬಿಸುವುದು?

ಗುಂಪಿಗೆ ಕಳಿಸಿದಾಗ ಇನ್ನೊಂದು ಗಲಾಟೆ. 32 ಜನಕ್ಕೂ ಒಟ್ಟಿಗೆ ಮುಟ್ಟಿತು, 32 ಪೇಜರ್‌ಗಳೂ ಒಟ್ಟಿಗೆ "ಓ" ಅಂದವು. ಒಂದೂ ಕೇಳಿಸುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವುದು ನೆನಪಿದೆಯಲ್ಲ. ನಂಬರ್ ಪ್ರಕಾರ ಒಬ್ಬೊಬ್ಬರೇ 'ಹಾಜರ್ ಸಾರ್' ಅಂದರೆ ಒಂದು ನಿಮಿಷದ ಕೆಲಸ. ರೀಫ್ಲೆಕ್ಸ್‌ನಲ್ಲಿ ಟವರ್ರೇ ಮೇಷ್ಟ್ರು, ಯಾವ ಪೇಜರ್ ಯಾವ ಕ್ಷಣದಲ್ಲಿ ಉತ್ತರಿಸಬೇಕು ಅಂತ ಅದೇ ಹೇಳುತ್ತದೆ. ಆದರೆ ಪೇಜರ್ ತಾನಾಗಿ ಏನಾದರೂ ಹೇಳಬೇಕಾದಾಗ ಮೇಷ್ಟ್ರನ್ನು ಕೇಳುವಂತಿಲ್ಲ, ಸುಮ್ನೆ ಕೂಗಿ ನೋಡಬೇಕು. ಇನ್ನೊಬ್ಬರ ಕೂಗಿಗೆ ಡಿಕ್ಕಿ ಹೊಡೆದರೆ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ. ಇದಕ್ಕೆ ಅಲೋಹಾ ಎಂದು ಹೆಸರು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೋದಲ್ಲಿ ಜೋಡಿಸಲು ಶುರು ಮಾಡಿದ ಪದ್ಧತಿ. ಅದರ ಲೆಕ್ಕ ಕಟುವಾಗಿದೆ: ಯಾವಾಗ ಬೇಕಾದರೂ ಕೂಗಬಹುದು ಅಂದರೆ ಚಾನೆಲ್‌ನ ಸಮಯದಲ್ಲಿ ಹೆಚ್ಚೆಂದರೆ ಶೇಕಡ 18 ಮಾತ್ರ ಕೆಲಸಕ್ಕೆ ಬರುತ್ತದೆ. ಸಮಯವನ್ನು ತುಂಡು ಮಾಡಿ ತುಂಡಿನ ಶುರುವಿನಲ್ಲೇ ಕೂಗಬೇಕು ಅಂದರೆ ಶೇಕಡ 37. ಉಳಿದದ್ದು ಡಿಕ್ಕಿಯಲ್ಲಿ, ಖಾಲಿಯಲ್ಲಿ ಹೋಗುತ್ತದೆ.

ಇಷ್ಟೆಲ್ಲ ಇದ್ದೂ ಇದು ಮನೆಮಾತಾಗಲಿಲ್ಲ. ಮೊಬೈಲ್ ಅಗ್ಗವಾಯಿತು, ಎಸ್‌ಎಂಎಸ್ ಬಂತು. 2003ರಲ್ಲಿ ನಮ್ಮಲ್ಲಿ ಒಳಬರುವ ಕರೆ ಪುಕ್ಕಟೆಯಾದ ಮೇಲೆ ಪೇಜರ್ ಕಥೆ ಮುಗಿದೇ ಹೋಯಿತು. ಈಗ ನಮ್ಮಲ್ಲಿ ದುಡ್ಡು ಕಟ್ಟಿ ಸೇರಿಕೊಳ್ಳುವಂಥ ಸಾರ್ವಜನಿಕ ಪೇಜಿಂಗ್ ಸೇವೆ ಇಲ್ಲ. ಜಪಾನಿನ ಕೊನೆಯ ಕಂಪನಿಯೂ 2019ರಲ್ಲಿ ನಿಲ್ಲಿಸಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅದೇ ವರ್ಷ ಸುಮಾರು 1,30,000 ಪೇಜರ್ ಇದ್ದವು, ಬಿಡಿ ಅಂತ ಸರ್ಕಾರ ಹೇಳಬೇಕಾಯಿತು. ಹಾಗಂತ ಎಲ್ಲರೂ ಬಿಟ್ಟಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಬೆಂಕಿ ಆರಿಸುವವರನ್ನು, ಆಂಬುಲೆನ್ಸಿನವರನ್ನು ಕರೆಯುವ ಜಾಲ ಫ್ಲೆಕ್ಸ್ ಮೇಲಿದೆ. ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ ಅಗ್ನಿಶಾಮಕದವರು ಟೆಟ್ರಾ ರೇಡಿಯೋ ಜಾಲದ ಪೇಜರ್ ಬಳಸುತ್ತಾರೆ, ಅದರಲ್ಲಿ 'ಬರ್ತೀನಿ', 'ಬರಲ್ಲ' ಅಂತ ಒತ್ತಬಹುದು. ಅವರಲ್ಲೂ ಬಹಳಷ್ಟು ಜನ ಸಂಬಳವಿಲ್ಲದ ಸ್ವಯಂಸೇವಕರು, ನಿಮ್ಮ ಹಾಗೆಯೇ.

ನಮ್ಮಲ್ಲಿ 2023ರಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ? ವಿಪತ್ತಿನ ಎಚ್ಚರಿಕೆಯ ಪರೀಕ್ಷೆ. ಅದು ಒಳ್ಳೆಯದೇ, ಆದರೆ ಒಂದು ದಾರಿ. ಕಳಿಸಿದವರಿಗೆ ಯಾರು ಕೇಳಿಸಿಕೊಂಡರು ಗೊತ್ತಾಗುವುದಿಲ್ಲ. ಮತ್ತೆ ಅದು ಬರುವುದೂ ಅದೇ ಮೊಬೈಲ್ ಟವರ್‌ನಿಂದ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಬಂದರೆ ಎಸ್‌ಎಂಎಸ್ ಹೋಗುತ್ತದೆ, ಕಂಬದ ಮೇಲಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆ ದೀಪ ಬೆಳಗುವುದೂ ಮೊಬೈಲಿನಿಂದಲೇ. ನಿಮ್ಮ ಕಷ್ಟ ಟವರ್ ಸತ್ತ ಮೇಲೆ ಶುರುವಾಗುವುದರಿಂದ ನಿಮಗೆ ನಿಮ್ಮದೇ ಗಾಳಿದಾರಿ ಬೇಕು.

ಎರಡು ದಾರಿ ಇವೆ. ಒಂದು, ಲೈಸೆನ್ಸ್ ತೆಗೆದುಕೊಂಡು ವಿಎಚ್‌ಎಫ್ ಸೆಟ್ ಇಟ್ಟುಕೊಳ್ಳುವುದು. ಪೊಲೀಸರು, ಅರಣ್ಯದವರು ಬಳಸುವ ಜಾತಿಯದ್ದು. ಗುಡ್ಡ ಬಳಸಿ ಹೋಗುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗಕ್ಕೆ ಅರ್ಜಿ ಹಾಕಬೇಕು, ಕಾಗದ ಪತ್ರದ ಓಡಾಟ ಇದೆ, ವರ್ಷ ವರ್ಷ ಕಟ್ಟುವುದಿದೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ವಿಎಚ್‌ಎಫ್ ವಾಕಿ-ಟಾಕಿ ತಂದು ಲೈಸೆನ್ಸ್ ಇಲ್ಲದೆ ಮಾತಾಡಬೇಡಿ, ಅದು ಅಪರಾಧ. ಇನ್ನೊಂದು, ಲೋರಾ ಎಂಬ ರೇಡಿಯೋ ಪದ್ಧತಿ. ನಿಮಗೆ ಮೊದಲು ಇದನ್ನೇ ಹೇಳುತ್ತೇನೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಕ್ಕೆ ಲೈಸೆನ್ಸ್ ಬೇಡ, ಟ್ರಾನ್ಸ್‌ಮಿಟರ್ 1 ವ್ಯಾಟ್ ಮೀರುವಂತಿಲ್ಲ. ಮಾತು ಹೋಗುವುದಿಲ್ಲ, ಅಕ್ಷರ ಹೋಗುತ್ತದೆ. ನಿಧಾನವಾಗಿ, ಆದರೆ ದೂರ. ನಾನು ಮೇಲೆ ಹೇಳಿದ ಎಳೆದು ಕೂಗುವ ಉಪಾಯ ಇದೇ.

ಎಷ್ಟು ನಿಧಾನ? ಅತಿ ನಿಧಾನದ ಸೆಟ್ಟಿಂಗ್‌ನಲ್ಲಿ 20 ಬೈಟಿನ ಸಂದೇಶಕ್ಕೆ ಸುಮಾರು 1.3 ಸೆಕೆಂಡ್. 6 ಬೈಟಿನ ಪುಟ್ಟ ಒಪ್ಪಿಗೆಗೂ ಸುಮಾರು 1 ಸೆಕೆಂಡ್ ಬೇಕು. ಹಾಜರಿ ಕರೆದ ಹಾಗೆ ಸರದಿಯಲ್ಲಿ ಬಂದರೆ 32 ಜನರದ್ದು ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ. ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಅದೇ 20 ಬೈಟ್ ಬೇಗದ ಸೆಟ್ಟಿಂಗ್‌ನಲ್ಲಿ 57 ಮಿಲಿಸೆಕೆಂಡ್, ಆದರೆ ಆಗ ದೂರ ಹೋಗುವುದಿಲ್ಲ.

ಕೊಳ್ಳುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಲೋರಾವ್ಯಾನ್ (ಲೋರಾ ಸೆಟ್‌ಗಳನ್ನು ಜಾಲವಾಗಿ ಜೋಡಿಸುವ ಪದ್ಧತಿ) ಉಪಕರಣದ 'ಕ್ಲಾಸ್', ಅಂದರೆ ಅದು ಯಾವಾಗ ಕಿವಿ ತೆರೆಯುತ್ತದೆ ಅನ್ನುವ ದರ್ಜೆ. ಅಂಗಡಿಯವರು ತೋರಿಸುವುದು ಹೆಚ್ಚಾಗಿ ಕ್ಲಾಸ್ ಎ. ಅದು ತಾನು ಮಾತಾಡಿದ ಮೇಲೆ ಒಂದು ಕ್ಷಣ ಮಾತ್ರ ಕಿವಿ ತೆರೆಯುತ್ತದೆ. ಮಣ್ಣಿನ ತೇವ ಅಳೆಯಲು ಸರಿ, ಪೇಜರ್ ಆಗಿ ಕೆಲಸಕ್ಕೆ ಬಾರದು, ನೀವು ಕರೆದಾಗ ಅದು ನಿದ್ದೆಯಲ್ಲಿರುತ್ತದೆ. ಕ್ಲಾಸ್ ಸಿ ಯಾವಾಗಲೂ ಕೇಳುತ್ತಾ ಇರುತ್ತದೆ, ಬ್ಯಾಟರಿ ತಿನ್ನುತ್ತದೆ, ಮನೆಯಲ್ಲಿ ಯುಪಿಎಸ್‌ಗೆ ಸಿಕ್ಕಿಸಿ ಇಡುವ ಡಬ್ಬಿಗೆ ಒಳ್ಳೆಯದು. ಕ್ಲಾಸ್ ಬಿ ನಡುವಿನದು. 128 ಸೆಕೆಂಡಿಗೊಮ್ಮೆ ಬರುವ ಸಮಯದ ಸಂಕೇತ ಹಿಡಿದು, ಗೊತ್ತಾದ ಹೊತ್ತಿಗೆ ಎದ್ದು ಕೇಳುತ್ತದೆ. ಫ್ಲೆಕ್ಸ್‌ನ ನಿದ್ದೆಯೇ ಇಲ್ಲಿ ಇನ್ನೊಂದು ಹೆಸರಿನಲ್ಲಿ ಬಂದಿದೆ, ನೋಡಿ.

ಎರಡನೆಯದು ಮೆಶ್‌ಟಾಸ್ಟಿಕ್ ಎಂಬ ಉಚಿತ ತಂತ್ರಾಂಶ. ಪುಟ್ಟ ಲೋರಾ ಸೆಟ್‌ಗಳು ಒಂದರಿಂದ ಇನ್ನೊಂದಕ್ಕೆ ಸಂದೇಶ ದಾಟಿಸುತ್ತಾ ಹೋಗುತ್ತವೆ. ಸಾಮಾನ್ಯವಾಗಿ ಮೂರು ದಾಟು, ಹೆಚ್ಚೆಂದರೆ ಏಳು. ನನಗೆ ಇಷ್ಟವಾದ ವ್ಯವಸ್ಥೆಯೇ. ಆದರೆ ಗುಂಪಿಗೆ ಕಳಿಸಿದ ಸಂದೇಶಕ್ಕೆ ಅದು ಕೊಡುವ ಟಿಕ್ ನಂಬಿ ಮೋಸ ಹೋಗಬೇಡಿ. ಪಕ್ಕದ ಒಂದು ಸೆಟ್ ನಿಮ್ಮ ಸಂದೇಶವನ್ನು ಮತ್ತೆ ಕೂಗಿದ್ದು ಕೇಳಿಸಿದರೂ ಟಿಕ್ ಬರುತ್ತದೆ. ಉಳಿದ 31 ಜನಕ್ಕೆ ಮುಟ್ಟಿತು ಅಂತ ಅರ್ಥ ಅಲ್ಲ. ಒಬ್ಬರ ಹೆಸರಿಗೆ ನೇರ ಕಳಿಸಿದರೆ ಮಾತ್ರ ಅವರ ಸೆಟ್ಟೇ ಉತ್ತರ ಕೊಡುತ್ತದೆ. ಹಾಗಾಗಿ ತೀರಾ ಬೇಕಾದ ಏಳೆಂಟು ಮಂದಿಗೆ ನೇರ, ಉಳಿದವರಿಗೆ ಗುಂಪು. ಗುಂಪಿನವರು ಒಂದು ಅಂಕಿ ಒತ್ತಿ ಉತ್ತರಿಸಲಿ. ಇನ್ನೊಂದು ಮಾತು: ಅದರಲ್ಲಿ ಮೊದಲಿನಿಂದ ಬರುವ ಗುಪ್ತಕೀಲಿ ಲೋಕಕ್ಕೆಲ್ಲ ಗೊತ್ತು, ಬದಲಾಯಿಸಿಕೊಳ್ಳಿ. ಹಳೆಯ ಪೇಜರ್ ಸಂದೇಶಗಳಿಗೆ ಬೀಗವೇ ಇರಲಿಲ್ಲ, ರಿಸೀವರ್ ಇದ್ದ ಯಾರು ಬೇಕಾದರೂ ಓದಬಹುದಿತ್ತು.

ಈಗ ನಿಮ್ಮ ನೆಲದ ಮಾತು. ಹೋದ ವರ್ಷ ಸ್ನೇಹಿತರೊಬ್ಬರ ತೋಟದಲ್ಲಿ ನಾನೇ ಎರಡು ಸೆಟ್ ಹಿಡಿದು ನಡೆದಿದ್ದೆ. ಜನವರಿಯಲ್ಲಿ ಎಲ್ಲ ಕಡೆ ಚೆನ್ನಾಗಿ ಬಂತು, ಖುಷಿಯಾಯಿತು. ಜುಲೈಯಲ್ಲಿ ಹೋದೆ. ಲೈನ್ ಮನೆಗಳ ಹಿಂದಿನ ಹಳ್ಳದಲ್ಲಿ ನಿಂತಾಗ ಸಂದೇಶ ಬಂತು, ಗುಂಡಿ ಒತ್ತಿದೆ, ಉತ್ತರ ಹೋಗಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಗುಡ್ಡದ ಮೇಲಿನ ಸೆಟ್‌ಗೆ ಎತ್ತರದ ಒಳ್ಳೆ ಆಂಟೆನಾ, ಪೂರಾ ಶಕ್ತಿ. ನನ್ನ ಕೈಯಲ್ಲಿದ್ದದ್ದು ಅದರ ಕಾಲುಭಾಗವೂ ಇಲ್ಲ. ಸಿಲ್ವರ್ ಓಕ್ ಮರಗಳ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಈ ತರಂಗಕ್ಕೆ ಒದ್ದೆ ಎಲೆ ಅಂದರೆ ಒದ್ದೆ ಗೋಡೆ. ಇಂಬಳ ಕಿತ್ತುಕೊಳ್ಳುತ್ತಾ ಕಾಫಿ ಕಣಕ್ಕೆ ಹತ್ತಿದೆ. ಹದಿನೈದು ಇಪ್ಪತ್ತು ಅಡಿ ಎತ್ತರ ಅಷ್ಟೇ. ಅಲ್ಲಿಂದ ಒಂದೇ ಸಲಕ್ಕೆ ಹೋಯಿತು. ಕೇಳುವ ಜಾಗ, ಓಗೊಡುವ ಜಾಗ ಬೇರೆ ಬೇರೆ ಅಂತ ನಾನು ಮೇಲೆ ಲೆಕ್ಕದಲ್ಲಿ ಹೇಳಿದ್ದು ಅಲ್ಲಿ ಕಾಲಿಗೇ ಗೊತ್ತಾಯಿತು.

ಹಾಗಾಗಿ ಒಂದು ಎತ್ತರದ ಸೆಟ್ ನಂಬಿ ಕೂರಬೇಡಿ. ಗುಡ್ಡದ ಮೇಲೆ ಒಂದು, ಹಳ್ಳದ ಅಂಚಿನ ಎರಡು ಮೂರು ಮನೆಗಳ ಮಾಡಿನ ಮೇಲೆ ಒಂದೊಂದು ಕಿವಿ. ಗುಡ್ಡದ್ದಕ್ಕೆ ಸೋಲಾರ್ ಹಾಕಬಹುದು, ಆದರೆ ಆಗಸ್ಟ್‌ನಲ್ಲಿ ನಿಮ್ಮ ಕಡೆ ಬಿಸಿಲು ಎಲ್ಲಿ? 100 ಮಿಲಿಆಂಪಿಯರ್ ಎಳೆಯುವ ಸೆಟ್‌ಗೆ ದಿನಕ್ಕೆ 2.4 ಆಂಪಿಯರ್-ಅವರ್ ಬೇಕು. ಹತ್ತು ದಿನ ಸೂರ್ಯನ ಮುಖ ಕಾಣದಿದ್ದರೂ ಓಡಬೇಕಾದರೆ 24. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಆದ್ದರಿಂದ 40ರದ್ದು ಇಡಿ. ಇದರ ಹತ್ತನೇ ಒಂದು ಪಾಲು ಮಾತ್ರ ತಿನ್ನುವ ಸೆಟ್‌ಗಳೂ ಇವೆ, ಗುಡ್ಡಕ್ಕೆ ಅವೇ ಮೇಲು. ಸಿಡಿಲಿಗೆ ಅರ್ತಿಂಗ್ ಮರೆಯಬೇಡಿ. ಗುಡ್ಡ ನಿಮ್ಮ ತೋಟದ್ದೇ ಆಗಿರಲಿ. ಕಾಡಿನದ್ದಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಗೂಟ ನೆಡುವಂತಿಲ್ಲ.

ಮೊಬೈಲ್ ಹಾಗೇ ಇದೂ ಸಾಯುವುದಿಲ್ಲವೇ ಅಂದರೆ, ಸಾಯುತ್ತದೆ. 2019ರ ಆಗಸ್ಟ್‌ನಂಥ ಮಳೆ ಬಂದು ಗುಡ್ಡವೇ ಜಾರಿದರೆ ಯಾವ ಸೆಟ್ ಉಳಿಯುತ್ತದೆ? ವ್ಯತ್ಯಾಸ ಇಷ್ಟೇ: ಇದರಲ್ಲಿ ನೋಡಿಕೊಳ್ಳಬೇಕಾದದ್ದು ನಾಲ್ಕು ಡಬ್ಬಿ, ಅವೂ ನಿಮ್ಮ ಕೈಗೆಟಕುವ ಜಾಗದಲ್ಲಿ. ಮೊಬೈಲ್ ಟವರ್‌ಗೆ ಡೀಸೆಲ್ ತರುವ ಲಾರಿ ಘಾಟಿ ಹತ್ತಲಿ ಅಂತ ಕಾಯಬೇಕಿಲ್ಲ. ಮತ್ತೆ ದಿನಕ್ಕೆರಡು ಸಲ ಪ್ರತಿ ಸೆಟ್ಟೂ 'ಇದ್ದೇನೆ' ಅಂತ ತಾನೇ ಹೇಳುವ ಹಾಗೆ ಇಡಿ. ಹೇಳದಿದ್ದ ದಿನವೇ ಹೋಗಿ ನೋಡಿ, ಆನೆ ಬಂದ ರಾತ್ರಿಯಲ್ಲ.

ಒಂದೇ ಸಲ 32 ಕೊಳ್ಳಬೇಡಿ. ನಾಲ್ಕು ತನ್ನಿ. ಒಂದನ್ನು ಗುಡ್ಡಕ್ಕೆ ಕಟ್ಟಿ, ಮೂರನ್ನು ಹಿಡಿದು ಜೂನ್ ಕೊನೆಯಲ್ಲಿ, ಮಳೆ ಹಿಡಿದ ಮೇಲೆ, ಮನೆ ಮನೆಗೆ ನಡೆಯಿರಿ. ಪ್ರತಿ ಮನೆಯ ಅಡುಗೆ ಕೋಣೆಯಲ್ಲಿ, ಜಗುಲಿಯಲ್ಲಿ, ಕಣದಲ್ಲಿ ನಿಂತು ಹತ್ತು ಹತ್ತು ಸಲ ಕಳಿಸಿ. ಸಂದೇಶ ಎಷ್ಟು ಬಂತು, ಉತ್ತರ ಎಷ್ಟು ಹೋಯಿತು, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಬಂದರೂ ಓಗೊಡಲು ಆಗದ ಮನೆಗಳ ಪಟ್ಟಿಯನ್ನು, ಅಂದಾಜಿನ ಒಂದು ನಕ್ಷೆ ಜೊತೆಗೆ ನನಗೆ ಕಳಿಸಿ. ಉಳಿದ ಕಿವಿಗಳನ್ನು ಯಾವ ಮಾಡಿನ ಮೇಲೆ ಇಡಬೇಕು ಅಂತ ಆಮೇಲೆ ನೋಡೋಣ.